ನಲವತ್ತೊಂದನೇ ಚೌಕದ ರಾಗಿ

ಫಾಸ್ಟರ್ ಸಿಟಿ
ಜುಲೈ 16, 2000

ಪ್ರೀತಿಯ ವಾಣಿ,

ಫೋನ್ ಎತ್ತದವಳಿಗೆ ಕಾಗದ ಬರೆಯುವುದೇ ಸರಿ ಎಂದು ಕೂತಿದ್ದೇನೆ. ಇಮೇಲ್ ಕಳಿಸಬಹುದಿತ್ತು. ಆದರೆ ಇಂಗ್ಲಿಷಿನಲ್ಲಿ ನಿನಗೆ ಏನು ಬರೆದರೂ ಅದು ಆಫೀಸಿನ ಮೆಮೊ ಥರ ಕಾಣುತ್ತದೆ. ಹರಿದು ಹಾಕುವುದಾದರೆ ಓದಿದ ಮೇಲೆ ಹರಿ.

ಗಲ್ ಪಾಯಿಂಟ್ ನೆನಪಿದೆಯಲ್ಲ? ಮಾರ್ಚಿನಲ್ಲಿ ನಿನ್ನನ್ನೂ ನಿನ್ನ ಅತ್ತೆಯನ್ನೂ ವಾಕಿಂಗಿಗೆ ಕರೆದುಕೊಂಡು ಹೋಗಿದ್ದೆ. ಕೊಲ್ಲಿಯೊಳಕ್ಕೆ ಚಾಚಿಕೊಂಡಿರುವ ಆ ದಿಬ್ಬ. ಒಡೆದ ಕಾಂಕ್ರೀಟು, ಕಿತ್ತ ರಸ್ತೆ, ಎಂಬತ್ತೊಂಬತ್ತರ ಭೂಕಂಪದಲ್ಲಿ ಬಿದ್ದ ಗೋಡೆ ಎಲ್ಲವನ್ನೂ ಮೂವತ್ತು ವರ್ಷ ತಂದು ಸುರಿದು, ಕೊನೆಗೆ ಒಂದು ಬೇಲಿಯನ್ನೂ ಹಾಕದೆ ಬಿಟ್ಟುಹೋದ ಜಾಗ. ಈಗ ಅಲ್ಲಿನ ನಗರಸಭೆಗೆ ಅದನ್ನು ಪಾರ್ಕು ಮಾಡುವ ಆಸೆ ಹುಟ್ಟಿದೆ. ನಕ್ಷೆ ಮಾಡುವ ಕೆಲಸ ನಮ್ಮ ಆಫೀಸಿಗೆ ಬಂತು, ಬಿಸಿಲಲ್ಲಿ ಅಲೆದು ಗಿಡ ಪಟ್ಟಿ ಮಾಡುವ ಕೆಲಸ ನನ್ನ ತಲೆಗೆ ಬಿತ್ತು. ಬಾಟನಿ ಓದಿ ಏನು ಮಾಡುತ್ತೀ ಎಂದು ಕಾಲೇಜಿನಲ್ಲಿ ನಗುತ್ತಿದ್ದೆಯಲ್ಲ, ಇದನ್ನೇ ಮಾಡುತ್ತಿದ್ದೇನೆ.

ಇಡೀ ದಿಬ್ಬವನ್ನು ಅರವತ್ತು ಚೌಕ ಮಾಡಿಕೊಂಡಿದ್ದೇನೆ. ಒಂದೊಂದು ಚೌಕದಲ್ಲೂ ಯಾವ ಗಿಡ ಇದೆ, ಅದು ಈ ನೆಲದ್ದೋ ಹೊರಗಿನದ್ದೋ ಎಂದು ಬರೆಯಬೇಕು. ಹೊರಗಿನದ್ದಕ್ಕೆ ಕೆಂಪು ಚುಕ್ಕೆ. ಆಳೆತ್ತರದ ಸೋಂಪು, ನೀಲಗಿರಿ, ಹರಳು, ಕಾಡು ಸಾಸಿವೆ. ನಕ್ಷೆಗೆ ದಡಾರ ಎದ್ದ ಹಾಗಿದೆ. ಮೊನ್ನೆ ನಲವತ್ತೊಂದನೇ ಚೌಕಕ್ಕೆ ಬಂದೆ. ಎರಡು ಕಾಂಕ್ರೀಟ್ ಚಪ್ಪಡಿಗಳ ನಡುವೆ, ಗಾಳಿ ತಾಗದ ಒಂದು ಸಂದಿನಲ್ಲಿ, ರಾಗಿ!

ಹುಲ್ಲಲ್ಲ ಕಣೇ. ಹಾಸನದವಳು ರಾಗಿ ಪೈರನ್ನು ಗುರುತು ಹಿಡಿಯಲಾರೆನೇ? ಪಕ್ಕದಲ್ಲಿ ನಾಲ್ಕು ಹುರುಳಿ ಗಿಡ, ತುಕ್ಕು ಹಿಡಿದ ಕಂಬಿಗೆ ಸುತ್ತಿಕೊಂಡ ಒಂದು ಅವರೆ, ಒಂದೆರಡು ಎಳ್ಳು. ಅಲ್ಲೇ ಕುಕ್ಕರಿಸಿಬಿಟ್ಟೆ. ಕೈಯಿಟ್ಟು ನೋಡಿದರೆ ಮಣ್ಣು ಒದ್ದೆ. ಮೇ ತಿಂಗಳಿಂದ ಇಲ್ಲಿ ಒಂದು ಹನಿ ಮಳೆ ಬಿದ್ದಿಲ್ಲ. ಯಾರೋ ನೀರು ಹಾಕುತ್ತಿದ್ದಾರೆ.

ಅಲ್ಲಿ ಟಾರ್ಪಾಲು ಕಟ್ಟಿಕೊಂಡು ಡೆನಿಸ್ ಎಂಬ ಮುದುಕನೊಬ್ಬ ವಾಸವಾಗಿದ್ದಾನೆ. ಅವನನ್ನು ಕೇಳಿದೆ. ಬೆಳಕು ಹರಿಯುವ ಹೊತ್ತಿಗೆ ಒಬ್ಬಳು ಹೆಂಗಸು ಹಾಲಿನ ಕ್ಯಾನಿನಲ್ಲಿ ನೀರು ತರುತ್ತಾಳಂತೆ, ಯಾರ ಜೊತೆಯೂ ಮಾತಾಡುವುದಿಲ್ಲವಂತೆ. ಮಂಜಿನಲ್ಲಿ ಬಂದು ಮಂಜಿನಲ್ಲೇ ಹೋಗುವ ಅವಳು ನಿಜವಾದ ಹೆಂಗಸೇ ಅಲ್ಲ ಎಂದು ಅಲ್ಲಿರುವ ಕೆಲವರು ಹೇಳುತ್ತಾರಂತೆ. 

ಇದು ನಿನ್ನ ಅತ್ತೆಯ ಕೈವಾಡವೇ, ನಿಜ ಹೇಳು. ದೊಡ್ಡತಾಯಮ್ಮನವರು ಖಾಲಿ ನೆಲ ಕಂಡರೆ ಸುಮ್ಮನಿರುವವರಲ್ಲ. ಆದರೆ ತನ್ನ ಅಮ್ಮ ಜೂನಿನಲ್ಲೇ ಮದ್ದೂರಿಗೆ ಹೊರಟರು ಎಂದು ನಿನ್ನ ಯೋಗಾನಂದ ಹೇಳಿದ. ಹಾಗಿದ್ದರೆ ನೀರು ಹಾಕುವವರು ಯಾರು?

ಇನ್ನು ಏಪ್ರಿಲಿನ ವಿಷಯ. ನಿನಗೆ ಗರ್ಭ ಹೋದ ಹತ್ತು ದಿನಕ್ಕೆ ನಾನು ಬಂದು, ನಿನ್ನ ಸೋಫಾ ಮೇಲೆ ಕೂತು, "ಬೇಗ ಹೋಗಿದ್ದೇ ಒಳ್ಳೇದಾಯ್ತು ಬಿಡೆ" ಎಂದೆ. ಆ ಮಾತು ಬಾಯಿಂದ ಹೇಗೆ ಬಂತೋ. ಕಾರಿನಲ್ಲಿ ಒಬ್ಬಳೇ ಹೋಗುವಾಗೆಲ್ಲ ನೆನಪಾಗಿ ನಾಲಿಗೆ ಕಚ್ಚಿಕೊಳ್ಳುತ್ತೇನೆ. ಒಂದು ಸಾಲು ಬರೆ. ಬೈದಾದರೂ ಬರೆ.

ನಿನ್ನ
ಪದ್ಮಜಾ

*

ಸನ್ನಿವೇಲ್
ಜುಲೈ 29, 2000

ಪದ್ಮಜಾ,

ಕಾಗದ ಬಂತು. ಆ ರಾಗಿಯನ್ನು ಕೀಳಬೇಡ. ನಿನ್ನ ನಕ್ಷೆಯಲ್ಲಿ ಅದಕ್ಕೆ ಕೆಂಪು ಚುಕ್ಕೆ ಇಡಬೇಡ. ಯಾಕೆ ಎಂದು ಕೇಳಬೇಡ. ಮನೆಗೆ ಫೋನ್ ಮಾಡಬೇಡ, ಯೋಗಾನಂದನಿಗೆ ಇದು ಯಾವುದೂ ಗೊತ್ತಿಲ್ಲ.

ಆ ಮುದುಕನಿಗೆ ಹೇಳು, ಹೆಂಗಸು ನಿಜವಾದವಳೇ ಎಂದು.

ವಾಣಿಶ್ರೀ

*

ಫಾಸ್ಟರ್ ಸಿಟಿ
ಆಗಸ್ಟ್ 6, 2000

ಪ್ರೀತಿಯ ವಾಣಿ,

ಕೇಳುವುದಿಲ್ಲ. ಚುಕ್ಕೆಯನ್ನೂ ಇಟ್ಟಿಲ್ಲ. ನಲವತ್ತೊಂದರಲ್ಲಿ "ಹುಲ್ಲು" ಎಂದಷ್ಟೇ ಬರೆದಿದ್ದೇನೆ. ರಾಗಿಯೂ ಹುಲ್ಲಿನ ಜಾತಿಯೇ, ಆದ್ದರಿಂದ ಪೂರ್ತಿ ಸುಳ್ಳೇನಲ್ಲ.

ಕೇಳಬಾರದು ಎಂದ ಮೇಲೆ ನನ್ನ ಮೀಟಿಂಗಿನ ಕಥೆಯನ್ನೇ ಹೇಳುತ್ತೇನೆ. ಇಲ್ಲಿ ಎರಡು ಪಂಗಡ. ಒಂದು ಪಂಗಡದವರಿಗೆ ಹೊರಗಿನ ಗಿಡ ಒಂದೂ ಉಳಿಯಬಾರದು, ಎಲ್ಲ ಕಿತ್ತು ಈ ನೆಲದ ಮೂಲ ಗಿಡಗಳನ್ನೇ ಮರಳಿ ತರಬೇಕು. ಇನ್ನೊಂದು ಪಂಗಡದವರಿಗೆ ಹುಲ್ಲುಹಾಸು, ನಾಲ್ಕು ಬೆಂಚು ಇದ್ದರೆ ಸಾಕು. ನಾನು ಕೈಯೆತ್ತಿ ಕೇಳಿದೆ, "ಮೂಲ ಎಂದರೆ ಯಾವುದು? ಇಲ್ಲಿ ಮೊದಲು ನೆಲವೇ ಇರಲಿಲ್ಲವಲ್ಲ. ನೀರಿತ್ತು." ಎಲ್ಲರೂ ಕಾಫಿ ಕಪ್ಪಿನೊಳಗೆ ಇಣುಕಿದರು.

ವಾಣಿ, ಅಲ್ಲೊಂದು ಹಳದಿ ಚಿಟ್ಟೆಯಿದೆ. ಅದರ ಹುಳು ತಿನ್ನುತ್ತಿದ್ದ ಹಳೆಯ ಗಿಡಗಳು ಕಟ್ಟಡಗಳ ಅಡಿಗೆ ಹೋಗಿ ಎಷ್ಟೋ ಕಾಲವಾಯಿತು. ಈಗ ಅದು ಎಲ್ಲಿಂದಲೋ ಬಂದ ಸೋಂಪಿನ ಮೇಲೆ ಮೊಟ್ಟೆಯಿಟ್ಟು ಬದುಕಿದೆ. ಸೋಂಪು ಕಿತ್ತರೆ ಚಿಟ್ಟೆಯೂ ಹೋಯಿತು. ಹರಳಿನ ನೆರಳಲ್ಲಿ ಇಲ್ಲಿನ ಹಕ್ಕಿ, ನೀಲಗಿರಿಯ ತುದಿಯಲ್ಲಿ ಇಲ್ಲಿನ ಗಿಡುಗ. ಯಾರೂ ನಕ್ಷೆ ಹಾಕಲಿಲ್ಲ, ಯಾರೂ ನೀರುಣಿಸಲಿಲ್ಲ, ತಾವೇ ಒಂದು ಊರು ಕಟ್ಟಿಕೊಂಡಿವೆ. ಈಗ ನಾವು ಹೋಗಿ ಅದನ್ನು ಸರಿ ಮಾಡುತ್ತೇವಂತೆ. ಇದನ್ನೆಲ್ಲ ಹೇಳಿದ್ದಕ್ಕೆ ನಮ್ಮ ಬಾಸು ನನ್ನನ್ನು ಕವಿ ಎಂದು ಕರೆದ. ಹೊಗಳಿಕೆಯಲ್ಲ ಅದು.

ಆದರೂ ಒಬ್ಬಳೇ ಸರ್ವೆ ಮಾಡುವಾಗ ಆ ಜಾಗ ನನಗೆ ಹೆದರಿಕೆ ಹುಟ್ಟಿಸುತ್ತಿದೆ, ಸುಳ್ಳು ಯಾಕೆ ಹೇಳಲಿ. ಗೋಡೆಯ ಚೂರುಗಳಲ್ಲಿ ಯಾರದೋ ಅಡುಗೆಮನೆಯ ಹೂವಿನ ಟೈಲ್ಸ್ ಹಾಗೇ ಇದೆ. ಒಂದು ಕಡೆ ಬಾಗಿಲ ಮೆಟ್ಟಿಲು ಮೂರೇ ಮೂರು, ಹತ್ತಿದರೆ ಸಮುದ್ರ. ನಲವತ್ತೊಂದರಲ್ಲಿ ಪೈರಿನ ಅಳತೆ ಬರೆದುಕೊಳ್ಳಲು ಟೇಪು ಹಿಡಿದೆ. ಒಂದೂವರೆ ಮೊಳ ಉದ್ದ, ಒಂದು ಮೊಳ ಅಗಲ. ಅಂಚು ಅಷ್ಟು ನೇರವಾಗಿತ್ತು. ಟೇಪು ಸುತ್ತಿ ಜೇಬಿಗೆ ಹಾಕಿಕೊಂಡೆ, ಬರೆಯಲಿಲ್ಲ.

ದಿಬ್ಬದ ಮಣ್ಣನ್ನು ಪರೀಕ್ಷೆಗೆ ಕಳಿಸಿದ್ದಾರೆ. ಹಳೆಯ ಗೋಡೆಗಳ ಬಣ್ಣದಲ್ಲಿ ಏನೇನಿತ್ತೋ ಎಂಬ ಅನುಮಾನ. ನೀನು ಅಲ್ಲಿಗೆ ಹೋದರೆ ಕೈ ತೊಳೆದುಕೋ.

ನಿನ್ನ
ಪದ್ಮಜಾ

*

ಸನ್ನಿವೇಲ್
ಸೆಪ್ಟೆಂಬರ್ 15, 2000

ಪದ್ದು,

ಇವತ್ತು ಹೆರಿಗೆಗೆ ಡಾಕ್ಟರು ಕೊಟ್ಟಿದ್ದ ತಾರೀಖು. ಆಫೀಸಿಗೆ ರಜೆ ಹಾಕಿದ್ದೇನೆ. ಯಾಕೆ ಎಂದು ಯೋಗಾನಂದ ಕೇಳಲಿಲ್ಲ. ಅವನಿಗೆ ತಾರೀಖು ಮರೆತಿದೆಯೋ, ನೆನಪಿದ್ದೂ ಸುಮ್ಮನಿದ್ದಾನೋ ಗೊತ್ತಿಲ್ಲ. ಯಾರಿಗಾದರೂ ಹೇಳಲೇಬೇಕು ಅನ್ನಿಸಿ ನಿನಗೆ ಬರೆಯುತ್ತಿದ್ದೇನೆ. ಕ್ಷಮಿಸಿದ್ದೇನೆ ಎಂದುಕೊಳ್ಳಬೇಡ.

ಏಪ್ರಿಲ್ ಹದಿನಾಲ್ಕು, ಶುಕ್ರವಾರ. ಶೇರು ಕುಸಿದ ದಿನ. ಯೋಗಾನಂದ ಎರಡು ದಿನದಿಂದ ಆಫೀಸಿನಲ್ಲೇ ಇದ್ದ. ಬೆಳಿಗ್ಗೆ ಹತ್ತಕ್ಕೆ ಬಾತ್‌ರೂಮಿನಲ್ಲಿ ಆಯಿತು. ಅತ್ತೆ ಇದ್ದರು. ಊರಿನಲ್ಲಿ ಎಷ್ಟೋ ಹೆರಿಗೆ ಮಾಡಿಸಿದ ಕೈ. ಒಂದು ಗೇಣಿನಷ್ಟು ಇತ್ತು. ತಮ್ಮ ಸೀರೆಯ ಸೆರಗು ಹರಿದು ಸುತ್ತಿದರು. ನಾನು ಆಸ್ಪತ್ರೆಗೆ ಫೋನ್ ಮಾಡಲು ಹೋದರೆ ಕೈ ಹಿಡಿದುಕೊಂಡರು.

"ಆಸ್ಪತ್ರೇಗ್ ಕೊಟ್ರೆ ಏನ್ ಮಾಡ್ತಾರವ್ವ?"

"ಗೊತ್ತಿಲ್ಲ ಅತ್ತೆ. ಸುಟ್ಟು ಹಾಕ್ತಾರೇನೋ."

"ಹಸುಗೂಸ್ನ ಸುಡ್ತಾರಾ? ನಮ್ ಕಡೆ ಸುಡಾಕಿಲ್ಲ. ಮಣ್ ಮಾಡ್ಬೇಕು."

ಎಲ್ಲಿ ಮಾಡುವುದು? ಅಪಾರ್ಟ್‌ಮೆಂಟಿನಲ್ಲಿ ನಮ್ಮದು ಅನ್ನುವ ಒಂದು ಹಿಡಿ ಮಣ್ಣಿಲ್ಲ. ಸ್ವಿಮಿಂಗ್ ಪೂಲಿನ ಸುತ್ತ ಇರುವ ಹುಲ್ಲನ್ನು ವಾರಕ್ಕೊಮ್ಮೆ ಮಶೀನು ಕತ್ತರಿಸುತ್ತದೆ. ಆಗ ಅತ್ತೆಯೇ ಅಂದರು, "ಅವತ್ತು ಪದ್ಮಮ್ಮ ತೋರಿಸ್ಲಿಲ್ವಾ, ಖರಾಬು, ಅಲ್ಗೋಗುವ." ನಿನಗೆ ನೆನಪಿದೆಯಾ? ಮಾರ್ಚಿನಲ್ಲಿ ಆ ದಿಬ್ಬದ ಮೇಲೆ ನಿಂತು ನೀನೇ ಅವರಿಗೆ ಹೇಳಿದ್ದೆ, "ಇದು ನಮ್ಮೂರ ಖರಾಬು ಜಮೀನಿದ್ದ ಹಾಗೆ ಅಮ್ಮ, ಇದನ್ನ ಯಾವತ್ತೂ ಯಾರೂ ಮುಟ್ಟಲ್ಲ" ಅಂತ. ಅವರ ಊರಿನಲ್ಲಿ ಖರಾಬು ಅಂದರೆ ಅವರ ಅಜ್ಜನ ಕಾಲದಿಂದ ಖರಾಬೇ. ನಂಬಿದರು. ನಾನೂ ನಂಬಿದೆ.

ನಿನಗೆ ಮೂರು ಸಲ ಫೋನ್ ಮಾಡಿದೆ. ಕಾರು ಓಡಿಸುವವರು ಬೇಕಿತ್ತು. ನೀನು ಎತ್ತಲಿಲ್ಲ. ಸೀಟಿನ ಮೇಲೆ ಟವೆಲ್ ಹಾಸಿಕೊಂಡು ನಾನೇ ಓಡಿಸಿದೆ. ಫ್ರೀವೇಯಲ್ಲಿ ಪೂರ್ತಿ ಟ್ರಾಫಿಕ್ಕು. ಅತ್ತೆ ಮಡಿಲಿನಲ್ಲಿ ಇಟ್ಟುಕೊಂಡು ಜೋಗುಳವೂ ಅಲ್ಲದ, ಅಳುವೂ ಅಲ್ಲದ ಏನನ್ನೋ ಗುನುಗುತ್ತಿದ್ದರು. ಅಗೆಯಲು ಮನೆಯಲ್ಲಿ ಗುದ್ದಲಿ ಎಲ್ಲಿರುತ್ತದೆ? ದೋಸೆ ಮಗುಚುವ ಸಟ್ಟುಗದಲ್ಲಿ ಅಗೆದೆವು. ಅಲ್ಲಿಂದ ಆಸ್ಪತ್ರೆಗೆ ಹೋಗಿ, ಏನೂ ಉಳಿದಿರಲಿಲ್ಲ ಎಂದು ಹೇಳಿದೆ. ಯೋಗಾನಂದನಿಗೂ ಅದನ್ನೇ ಹೇಳಿದೆ.

ಮೂರನೇ ದಿನ ಹಾಲುತುಪ್ಪ ಬಿಟ್ಟೆವು. ಹಸುಗೂಸಿಗೆ ಇದೆಲ್ಲ ಇಲ್ಲ. ಆದರೂ ಅತ್ತೆ ಬಿಡಲಿಲ್ಲ, ಊರಿಂದ ತಂದಿದ್ದ ಕಾಳುಗಳನ್ನೆಲ್ಲ ಸೇರಿಸಿ ನವಧಾನ್ಯ ಮಾಡಿ ಮೇಲೆ ಚೆಲ್ಲಿದರು. ಬೆಳೆಯಲಿ ಎಂದಲ್ಲ, ಶಾಸ್ತ್ರಕ್ಕೆ. ಹತ್ತು ದಿನ ಬಿಟ್ಟು ಹೋದರೆ ಹಸಿರಾಗಿತ್ತು. ಆಮೇಲೆ ನೀರು ಹಾಕದೆ ಇರುವುದು ಹೇಗೆ, ನೀನೇ ಹೇಳು.

ಪಾರ್ಕು ಮಾಡಿಕೋ, ಏನು ಬೇಕಾದರೂ ಮಾಡಿಕೋ. ಆ ಒಂದು ಮೊಳ ಬಿಡು.

ವಾಣಿ

*

ಫಾಸ್ಟರ್ ಸಿಟಿ
ಅಕ್ಟೋಬರ್ 1, 2000

ವಾಣಿ,

ನಿನ್ನ ಕಾಗದವನ್ನು ಹದಿನೈದು ದಿನದಿಂದ ಬ್ಯಾಗಿನಲ್ಲಿ ಹೊತ್ತು ತಿರುಗುತ್ತಿದ್ದೇನೆ. ಏನು ಬರೆದರೂ ಸೋಫಾ ಮೇಲೆ ಕೂತು ಆಡಿದ ಮಾತಿನ ಥರವೇ ಆಗುತ್ತದೆಂಬ ಭಯ.

ಆ ಶುಕ್ರವಾರ ನಾನು ಮೀಟಿಂಗಿನಲ್ಲಿದ್ದೆ. ಫೋನು ಮೂರು ಸಲ ಮಿನುಗಿತು. ನಿನ್ನ ನಂಬರು ನೋಡಿದೆ, ನೋಡಿಯೂ ಅದನ್ನು ಬೋರಲು ಹಾಕಿದೆ. ಸಂಜೆ ಮಾಡಿದರಾಯಿತು ಎಂದುಕೊಂಡೆ. ಸಂಜೆಯೂ ಮಾಡಲಿಲ್ಲ. ಇದನ್ನು ನಿನಗೆ ಎಂದೂ ಹೇಳಬಾರದು ಎಂದುಕೊಂಡಿದ್ದೆ.

ಮಣ್ಣಿನ ವರದಿ ಬಂದಿದೆ. ದಿಬ್ಬದ ದಕ್ಷಿಣದ ಇಳಿಜಾರಿನ ತುಂಬ ಸೀಸ, ಹಳೆಯ ಪೇಂಟಿನದ್ದು. ಮಕ್ಕಳು ಅದನ್ನು ಮುಟ್ಟಲೇಬಾರದಂತೆ, ಬೆಳೆಯುವ ಮಿದುಳನ್ನು ತಿನ್ನುತ್ತದಂತೆ. ಮಳೆ ಜೋರಾಗುವ ಮೊದಲು ಆ ಇಳಿಜಾರಿಗೆಲ್ಲ ಎರಡಡಿ ಹೊಸ ಜೇಡಿಮಣ್ಣು ಹೊದಿಸಿ, ರೋಲರ್ ಹೊಡೆದು ಮುಚ್ಚಬೇಕು ಎಂದು ತೀರ್ಮಾನವಾಗಿದೆ. ಮೂವತ್ತೆಂಟರಿಂದ ಐವತ್ತೆರಡರವರೆಗಿನ ಚೌಕಗಳು.

ಹೆದರಬೇಡ. ನಲವತ್ತೊಂದರ ಸುತ್ತ ನಾನು ಒಂದು ವೃತ್ತ ಹಾಕಿದ್ದೇನೆ. "ಗೂಡು ಕಟ್ಟುವ ಹಕ್ಕಿ, ಯಾರೂ ಹೋಗಬಾರದು" ಎಂದು ಬರೆದು ಸಹಿ ಮಾಡಿದ್ದೇನೆ. ನಾನು ಬರೆದದ್ದನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ. ಹಳದಿ ರಿಬ್ಬನ್ ಕಟ್ಟಿ ಬಂದೆ. ತೆನೆ ಕಂದು ಬಣ್ಣಕ್ಕೆ ತಿರುಗಿದೆ. ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ, ಬೆನ್ನ ಹಿಂದೆ ಯಾರೋ ನಿಂತ ಹಾಗನ್ನಿಸಿ ಎರಡು ಸಲ ತಿರುಗಿ ನೋಡಿದೆ. ಸೋಂಪು ಅಲ್ಲಾಡುತ್ತಿತ್ತು, ಅಷ್ಟೇ.

ಪದ್ಮಜಾ

*

ಫಾಸ್ಟರ್ ಸಿಟಿ
ಅಕ್ಟೋಬರ್ 29, 2000

ವಾಣಿ,

ಈ ಕಾಗದ ಓದುವಾಗ ಕೂತುಕೋ.

ಹೋದ ಶನಿವಾರ ನಗರಸಭೆಯವರು ಊರಿನ ಜನರನ್ನೆಲ್ಲ ದಿಬ್ಬ ನೋಡಲು ಕರೆದಿದ್ದರು. ದಾರಿಯ ಮೇಲೇ ಇರಿ ಎಂದು ಬೋರ್ಡು ಹಾಕಿದ್ದೆವು. ಯಾರು ಕೇಳುತ್ತಾರೆ? ಒಬ್ಬಳು ತಾಯಿ ನನ್ನ ರಿಬ್ಬನ್ನಿನ ಹತ್ತಿರ ನಿಂತು ನನ್ನನ್ನು ಹಕ್ಕಿಯ ಬಗ್ಗೆ ಕೇಳುತ್ತಿದ್ದಳು. ನಾನು ಇಲ್ಲದ ಹಕ್ಕಿಯ ಬಣ್ಣ ವರ್ಣಿಸುತ್ತಿದ್ದೆ. ಅವಳ ಮಗು, ಒಂದು ವರ್ಷದ್ದಿರಬೇಕು, ರಿಬ್ಬನ್ ಅಡಿಯಲ್ಲಿ ನುಸುಳಿ, ಕೂತು, ಮಣ್ಣು ತೆಗೆದು ಬಾಯಿಗೆ ಹಾಕಿಕೊಂಡಿತು. ನಾನು ಓಡಿ ಹೋಗಿ ಬೆರಳು ಹಾಕಿ ತೆಗೆದೆ. ಅದು ನನ್ನ ಬೆರಳನ್ನು ಕಚ್ಚಿ ಹಿಡಿದುಕೊಂಡಿತು, ನಾಲ್ಕು ಹಲ್ಲಿತ್ತು. ತಾಯಿ ನಗುತ್ತ ಥ್ಯಾಂಕ್ಸ್ ಹೇಳಿದಳು.

ಸೋಮವಾರ ಹೋಗಿ ಬಾಸಿಗೆ ಹೇಳಿದೆ, ಗೂಡು ಇಲ್ಲ, ನಾನು ಸುಳ್ಳು ಬರೆದೆ ಎಂದು. ಯಾಕೆ ಎಂದ. ಹೇಳಲಿಲ್ಲ. ಕೆಲಸ ಉಳಿದಿದೆ, ಮರ್ಯಾದೆ ಉಳಿದಿಲ್ಲ. ವೃತ್ತ ಅಳಿಸಿದ್ದಾರೆ. ಡಿಸೆಂಬರ್ ಹನ್ನೊಂದು, ಸೋಮವಾರ, ಮಣ್ಣಿನ ಲಾರಿಗಳು ಬರುತ್ತವೆ.

ಆ ದಿನದೊಳಗೆ ಅಲ್ಲಿಂದ ತೆಗೆದು ಬೇರೆ ಕಡೆ ಇಡಬಹುದು. ಮಕ್ಕಳಿಗೆಂದೇ ಜಾಗ ಇರುವ ಸ್ಮಶಾನ ಒಂದಿದೆ, ವಿಚಾರಿಸಿ ಬಂದಿದ್ದೇನೆ. ನೀನು ಹೂಂ ಅಂದರೆ ಎಲ್ಲವನ್ನೂ ನಾನೇ ಓಡಾಡಿ ಮಾಡುತ್ತೇನೆ. ಆ ಮಗು ಮಣ್ಣು ತಿಂದದ್ದನ್ನು ನಾನು ನೋಡದೆ ಇದ್ದಿದ್ದರೆ ವೃತ್ತ ಹಾಗೇ ಇರುತ್ತಿತ್ತು ವಾಣಿ. ನೋಡಿಬಿಟ್ಟೆ.

ಪದ್ಮಜಾ

*

ಸನ್ನಿವೇಲ್
ನವೆಂಬರ್ 12, 2000

ಪದ್ಮಜಾ,

ಯಾರೂ ಮುಟ್ಟಲ್ಲ ಎಂದವಳು ನೀನು. ವೃತ್ತ ಹಾಕಿದ್ದೇನೆ, ಹೆದರಬೇಡ ಎಂದವಳೂ ನೀನೇ. ಈಗ ರೋಲರ್ ಓಡಿಸುವ ತಾರೀಖನ್ನೂ ನೀನೇ ತಿಳಿಸುತ್ತೀಯ.

ನೀನು ಮಾಡಿದ್ದು ಸರಿ. ನಾನೇ ಅಲ್ಲಿದ್ದರೂ ಆ ಮಗುವಿನ ಬಾಯಿಗೆ ಬೆರಳು ಹಾಕುತ್ತಿದ್ದೆ. ಸರಿಯಾಗಿರುವುದರಿಂದಲೇ ನಿನ್ನ ಮೇಲೆ ಇಷ್ಟು ಸಿಟ್ಟು ಬರುತ್ತಿದೆ. ತಪ್ಪು ಮಾಡಿದ್ದರೆ ಬೈದು ಮುಗಿಸಬಹುದಿತ್ತು.

ನೀನು ಓಡಾಡಬೇಕಾಗಿಲ್ಲ. ಇನ್ನು ಬರೆಯಬೇಡ.

ವಾಣಿಶ್ರೀ

*

ಸನ್ನಿವೇಲ್
ಡಿಸೆಂಬರ್ 3, 2000

ಪದ್ದು,

ಯೋಗಾನಂದನ ಕಂಪನಿ ನವೆಂಬರಿನಲ್ಲಿ ಮುಚ್ಚಿತು. ಮನೆಯಲ್ಲೇ ಇದ್ದಾನೆ. ಒಂದು ದಿನ ಬೆಳಿಗ್ಗೆ ಐದಕ್ಕೆ ನಾನು ಕ್ಯಾನು ತುಂಬಿಸುವಾಗ ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಮಳೆ ಬರುತ್ತಿತ್ತು. ಮಳೆಯಲ್ಲಿ ಯಾರಿಗೆ ನೀರು ಎಂದು ಕೇಳಿದ. ಆಗ ಹೇಳಿದೆ. ಎಲ್ಲವನ್ನೂ ಹೇಳಿದೆ.

ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ನೆಲದ ಮೇಲೆ ಕೂತುಬಿಟ್ಟ. "ನಂಗೊಂದ್ ಮಾತು ಹೇಳ್ಬಾರ್ದಿತ್ತಾ ವಾಣಿ? ಏನೂ ಉಳೀಲಿಲ್ಲ ಅಂದ್ಯಲ್ಲ. ನಾನು ಅದನ್ನೇ ನಂಬ್ಕೊಂಡಿದ್ದೆ." ಎಂಟು ತಿಂಗಳು ಒಂದೇ ಮನೆಯಲ್ಲಿ ಇಬ್ಬರೂ ಬೇರೆ ಬೇರೆಯಾಗಿ ಅತ್ತಿದ್ದೇವೆ ಎಂದು ಅವತ್ತು ಗೊತ್ತಾಯಿತು. ಸೆಪ್ಟೆಂಬರ್ ಹದಿನೈದು ಅವನಿಗೂ ನೆನಪಿತ್ತಂತೆ. ಅವತ್ತು ಆಫೀಸಿನ ಪಾರ್ಕಿಂಗಿನಲ್ಲಿ ಕಾರಿನಲ್ಲೇ ಸಂಜೆಯವರೆಗೆ ಕೂತಿದ್ದನಂತೆ.

ಸ್ಮಶಾನದಲ್ಲಿ ಜಾಗ ಅವನೇ ಗೊತ್ತು ಮಾಡಿದ. ನಿನ್ನೆ ಇಬ್ಬರೂ ತೆಗೆದುಕೊಂಡು ಬರಲೆಂದು ಹೋದೆವು. ಒಂದು ಪುಟ್ಟ ಮರದ ಪೆಟ್ಟಿಗೆ ತಂದಿದ್ದ, ಒಳಗೆ ಮೆತ್ತನೆಯ ಬಟ್ಟೆ ಹಾಸಿದ್ದ. ಒಣಗಿದ ರಾಗಿಯನ್ನು ನಾನು ಕೊಯ್ದೆ, ಅವನು ಅಗೆದ. ಒಂದು ಗೇಣು ಅಗೆದ, ಒಂದು ಮೊಳ ಅಗೆದ. ನಾವು ಅವತ್ತು ಅಷ್ಟು ಆಳ ಹೋಗಿರಲೇ ಇಲ್ಲ.

ಏನೂ ಇರಲಿಲ್ಲ ಪದ್ದು. ಬರೀ ಬೇರು. ರಾಗಿಯ ಬೇರು ತಲೆಕೂದಲಿನ ಹಾಗೆ ದಟ್ಟವಾಗಿ ಹೆಣೆದುಕೊಂಡಿತ್ತು, ಅದರೊಳಕ್ಕೆ ಅವರೆಯ ಬೇರು, ಎಲ್ಲಿಂದಲೋ ಬಂದ ಸೋಂಪಿನ ಬೇರು. ಅವುಗಳ ನಡುವೆ ಅತ್ತೆಯ ಸೆರಗಿನ ಒಂದು ಎಳೆ ಜರಿ. ಯೋಗಾನಂದ ಮೊಣಕಾಲೂರಿ ಮಣ್ಣನ್ನೆಲ್ಲ ಬೆರಳಿನಲ್ಲಿ ಜರಡಿ ಹಿಡಿದ. ಸಾಕು ಎಂದರೆ ಕೇಳಲಿಲ್ಲ. ಯಾವುದು ಮಣ್ಣು, ಯಾವುದು ಅವಳು ಎಂದು ನಾನು ಹೇಗೆ ಹೇಳಲಿ? ಅವಳು ಎಂದು ಬರೆದುಬಿಟ್ಟೆ. ನಮಗೆ ಗೊತ್ತಿಲ್ಲ. ಮನಸ್ಸಿನಲ್ಲಿ ಯಾವತ್ತೂ ಅವಳೇ.

ಖಾಲಿ ಪೆಟ್ಟಿಗೆ ಕಾರಿನಲ್ಲಿಟ್ಟುಕೊಂಡು ಬಂದು ಮದ್ದೂರಿಗೆ ಫೋನ್ ಮಾಡಿದೆ. ಅತ್ತೆ ಎಲ್ಲ ಕೇಳಿಸಿಕೊಂಡು ಅಂದರು,

"ಸೇರ್ಕಂಡದೆ ಕಣವ್ವ. ಅದ್ನ ಇನ್ನೆಲ್ಲಿಗ್ ತಕ್ಕೊಂಡೋಯ್ತೀರಿ? ಮುಚ್ರಿ. ಅವ್ರು ಎರಡಡಿ ಮಣ್ ಹಾಕ್ತಾರಂದ್ರೆ ಹಾಕ್ಲಿ, ಮಣ್ ಹಾಕೋದು ಕೇಡಲ್ಲ. ಆದ್ರೆ ಮಿಶೀನ್ಗಿಂತ ಮುಂಚೆ ನಮ್ಮೋರ್ ಕೈ ಬೀಳ್ಬೇಕು. ಅವತ್ತು ನಾವಿಬ್ರೇ ಇದ್ದೊ. ಹೆತ್ತಪ್ಪ ಇರ್ಲಿಲ್ಲ, ನೆಂಟ್ರು ಇರ್ಲಿಲ್ಲ, ಒಬ್ಬ ಸ್ನೇಹಿತ್ರೂ ಇರ್ಲಿಲ್ಲ. ಅನಾಥ ಹೆಣದಂಗೆ ಮಾಡ್ಬುಟ್ಟೊ ಅಂತ ನಂಗೆ ದಿನಾ ಕರುಳು ಚುರುಕ್ ಅಂತದೆ."

ಗುಂಡಿಯನ್ನು ಮುಚ್ಚದೆ ಬಂದಿದ್ದೇವೆ. ಮೇಲೆ ಒಂದು ಹಲಗೆ ಇಟ್ಟಿದ್ದೇವೆ, ಯಾರೂ ಸರಿಸದ ಹಾಗೆ ಡೆನಿಸ್ ನೋಡಿಕೊಳ್ಳುತ್ತೇನೆ ಎಂದಿದ್ದಾನೆ. ಬರುವ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ನಾವಿಬ್ಬರೂ ಅಲ್ಲಿರುತ್ತೇವೆ. ನಿನ್ನ ಜೊತೆ ಮಾತಾಡಲು ನನಗೆ ಇನ್ನೂ ಆಗುವುದಿಲ್ಲ, ನೀನೂ ಏನೂ ಹೇಳಬೇಕಾಗಿಲ್ಲ. ಬಂದು ಮೂರು ಹಿಡಿ ಮಣ್ಣು ಹಾಕು.

ವಾಣಿ